ಅಪ್ಪ ಬೇಡವೆಂದ ಸಭೆ

ಕೇರಿಯ ಹುಡುಗನೊಬ್ಬ ಹೈಸ್ಕೂಲು ದಾಟಿದರೆ ಅವನ ಅಪ್ಪನಿಗೆ ಏನನ್ನಿಸುತ್ತದೆ? ರಾಜರ ಪಟ್ಟಾಭಿಷೇಕಕ್ಕೆ ಪುಟಗಟ್ಟಲೆ ಬರೆದ ಚರಿತ್ರೆಕಾರರಿಗೆ ಇದನ್ನು ಕೇಳಲು ಪುರುಸೊತ್ತಿರಲಿಲ್ಲ. ಆದರೂ ಒಬ್ಬ ಅಪ್ಪನ ಮಾತು ನಮಗೆ ಉಳಿದಿದೆ. ಆತ ಸುಬೇದಾರ ರಾಮಜಿ ಸಕ್ಪಾಲ. ಅದನ್ನು ಉಳಿಸಿಕೊಟ್ಟವರು ಅವನ ಮಗ ಬಾಬಾಸಾಹೇಬರೇ.

ಮೊದಲು ನಮ್ಮ ಧಾರವಾಡದ ಮಾತು. 1856ರಲ್ಲಿ ಅಲ್ಲಿನ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಮಹಾರರ ಹುಡುಗನೊಬ್ಬ ಅರ್ಜಿ ಹಾಕಿದ. ಆಗಲ್ಲ ಅಂದರು. ಅರ್ಜಿ ಮುಂಬಯಿ ಸರ್ಕಾರದ ತನಕ ಹೋಯಿತು. ಇವನೊಬ್ಬನಿಗಾಗಿ ಮಿಕ್ಕ ಜಾತಿಯವರೆಲ್ಲ ಶಾಲೆ ಬಿಟ್ಟರೆ ಗತಿಯೇನು ಅಂತ ದೊರೆಗಳು ಲೆಕ್ಕ ಹಾಕಿ, ಬಾಗಿಲು ಮುಚ್ಚಿದ್ದೇ ಸರಿ ಅಂದರು. ಸರ್ಕಾರಿ ಶಾಲೆ ಎಲ್ಲರದೂ ಅಂತ ಲಂಡನ್ನಿನಿಂದ ಕಂಪನಿ ನಿರ್ದೇಶಕರು ಆಮೇಲೆ ಬರೆದರು. ಕಾಗದ ಬಂತು, ಜಗಲಿಯ ಜಾತಿ ಹೋಗಲಿಲ್ಲ.

ಊರು ಕೊಡದ ಅಕ್ಷರವನ್ನು ಮಹಾರರಿಗೆ ಕೊಟ್ಟದ್ದು ಪಲ್ಟನ್ನು. ರಾಮಜಿ ಸೈನ್ಯದ ಶಾಲೆಯಲ್ಲಿ 14 ವರ್ಷ ಹೆಡ್‌ಮಾಸ್ತರನಾಗಿದ್ದವನು. 1890ರ ದಶಕದಲ್ಲಿ ಇಂಗ್ಲಿಷರು ಮಹಾರರ ಭರ್ತಿಯನ್ನೇ ನಿಲ್ಲಿಸಿಬಿಟ್ಟರು. ಅಪ್ಪ ಹತ್ತಿ ಬಂದ ಏಣಿಯನ್ನು ಮಗನ ಸರದಿ ಬರುವ ಹೊತ್ತಿಗೆ ಎಳೆದುಕೊಂಡಾಗಿತ್ತು. ಇನ್ನುಳಿದದ್ದು ಇಸ್ಕೂಲು ಒಂದೇ. ಸತಾರೆಯಲ್ಲಿ ಭೀಮ ಮನೆಯಿಂದ ಗೋಣಿತಾಟು ಒಯ್ದು ಕೂರಬೇಕು, ಜವಾನ ಬಂದು ನಲ್ಲಿ ತಿರುಗಿಸಿದರೆ ನೀರು, ಇಲ್ಲವಾದರೆ ಇಲ್ಲ.

ಆಮೇಲೆ ಮುಂಬಯಿ, ಪರೇಲಿನ ಚಾಳಿನಲ್ಲಿ ಒಂದೇ ಕೋಣೆ. ಪರೀಕ್ಷೆ ಬಂದರೆ ಅಪ್ಪ ರಾತ್ರಿ ಎರಡಕ್ಕೆ ಮಗನನ್ನು ಎಬ್ಬಿಸುತ್ತಿದ್ದ. ಮಗ ಪುಸ್ತಕ ಬೇಕೆಂದಾಗ ಮದುವೆಯಾದ ಹೆಣ್ಣುಮಕ್ಕಳ ಮನೆಗೆ ಓಡುತ್ತಿದ್ದ. ಅವರ ಒಡವೆ ಗಿರವಿಗೆ ಹೋಗುತ್ತಿತ್ತು, ಪಿಂಚಣಿ ಬಂದಾಗ ಬಿಡಿಸಿಕೊಡುತ್ತಿದ್ದ. ಆ ಅಕ್ಕಂದಿರ ಒಡವೆಯ ಮಾತನ್ನು ಯಾವ ಜಯಂತಿಯ ಭಾಷಣದಲ್ಲೂ ನಾವು ಕೇಳಿಲ್ಲ.

ಎಲ್ಫಿನ್‌ಸ್ಟನ್ ಹೈಸ್ಕೂಲಿನಿಂದ ಭೀಮ 1907ರಲ್ಲಿ ಮೆಟ್ರಿಕ್ ಪಾಸಾದ. 750ಕ್ಕೆ 282 ಅಂಕ. ಪ್ರತಿಭೆ, ಪ್ರತಿಭೆ ಅಂತ ನಮ್ಮೆದುರು ತಕ್ಕಡಿ ಹಿಡಿಯುವವರು ಈ ಅಂಕವನ್ನೂ ಒಮ್ಮೆ ತೂಗಿ ನೋಡಲಿ. ಕಲಿಯಬೇಕೆಂದಿದ್ದ ಸಂಸ್ಕೃತವನ್ನೂ ಕೊಡದೆ ಪರ್ಷಿಯನ್ನಿಗೆ ಅಟ್ಟಿದ್ದರು.

ಜನ ಸಭೆ ಮಾಡಿ ಹುಡುಗನನ್ನು ಸನ್ಮಾನಿಸಿದ್ದು ಈ ಮೆಟ್ರಿಕ್ಕಿಗೇ ಅಂತ ಜೀವನಚರಿತ್ರೆ ಬರೆದವರು ಹೇಳುತ್ತಾರೆ. 1956ರಲ್ಲಿ ಬಾಬಾಸಾಹೇಬರು ತಾವೇ ಬರೆದದ್ದರ ಪ್ರಕಾರ ಅದು ಇಂಗ್ಲಿಷ್ ನಾಲ್ಕನೇ ತರಗತಿ ಮುಗಿದಾಗ. ನಾವು ಅವರ ಮಾತನ್ನೇ ಹಿಡಿಯುತ್ತೇವೆ. ನಾಲ್ಕನೇ ಇಂಗ್ಲಿಷೇ ಬೆಟ್ಟ ಹತ್ತಿದಂತೆ ಕಂಡ ಜನ ಅದು. ಅವರು ಒಪ್ಪಿಗೆ ಕೇಳಲು ಹೋದರೆ ರಾಮಜಿ ಕಡ್ಡಿ ಮುರಿದ ಹಾಗೆ ಬೇಡ ಅಂದ. ಹುಡುಗನ ತಲೆ ತಿರುಗೀತು, ಮಾಡಿರೋದು ಒಂದು ಪರೀಕ್ಷೆ ಅಷ್ಟೇ ತಾನೆ, ಅಂತ ಆತನ ವಾದ.

ಇದು ಬರೀ ಬಿಗುಮಾನವಲ್ಲ. ಮಾರ್ಕ್ಸ್ ಕಾರ್ಡು ಹಿಡಿದು ಬಂದ ದಿನ ನಮ್ಮ ಅಪ್ಪಂದಿರೂ ಕುಣಿಯಲಿಲ್ಲ. 'ಮುಂದ್ಕೇನ್ಲಾ?' ಅಂದರು. ಕಾಲೇಜಿನ ಫೀಜು, ಹಾಸ್ಟೆಲ್ಲಿನ ಸೀಟು, ಗೌಡನಿಗೆ ತಿಳಿದರೆ ಬೀಳುವ ಕಣ್ಣು, ಎಲ್ಲಾ ಆ ಒಂದು ಮಾತಿನಲ್ಲಿತ್ತು. ಮೊದಲ ಮೆಟ್ಟಿಲಿಗೇ ಹಾರ ಬಿದ್ದರೆ ಮಗ ಅಲ್ಲೇ ಕೂತಾನು ಅನ್ನುವ ಅಂಜಿಕೆ ರಾಮಜಿಗೂ ಇದ್ದಿರಬೇಕು.

ಕೊನೆಗೆ ಗೆಳೆಯ ಕೃಷ್ಣಾಜಿ ಕೇಳುಸ್ಕರ್ ವಾದ ಮಾಡಿ ಒಪ್ಪಿಸಿದರು. ಸಭೆ ನಡೆಯಿತು. ಕೇಳುಸ್ಕರ್ ತಾವೇ ಬರೆದ ಬುದ್ಧನ ಚರಿತ್ರೆಯನ್ನು ಹುಡುಗನ ಕೈಗಿಟ್ಟರು. ಅದನ್ನು ಓದಿದ ಭೀಮ ಅಪ್ಪನನ್ನೇ ಕೇಳಿದ: ರಾಮಾಯಣ ಮಹಾಭಾರತ ಓದಿಸಿದಿರಿ, ಬುದ್ಧನನ್ನು ಯಾಕೆ ಓದಿಸಲಿಲ್ಲ? ಅಸ್ಪೃಶ್ಯರ ಕೀಳರಿಮೆ ಹೋಗಲಿ ಅಂತ. ದ್ರೋಣ, ಕರ್ಣ, ವಾಲ್ಮೀಕಿ ಸಣ್ಣವರಾಗಿದ್ದು ಎಷ್ಟೆತ್ತರ ಏರಿದರು ನೋಡು ಅಂದ ಅಪ್ಪ. ಮಗನಿಗೆ ಸಮಾಧಾನವಾಗಲಿಲ್ಲ. ಭೀಷ್ಮ, ದ್ರೋಣ, ಕೃಷ್ಣ ಯಾರೂ ನನಗೆ ಹಿಡಿಸಲಿಲ್ಲ ಅಂತ ಎದುರಾಡಿದ. ಅಪ್ಪ ಮಾತಾಡಲಿಲ್ಲ.

ರಾಮಜಿ 1913ರ ಫೆಬ್ರವರಿ 2ರಂದು ತೀರಿಕೊಂಡ. ಅದೇ ಜುಲೈನಲ್ಲಿ ಮಗ ನ್ಯೂಯಾರ್ಕಿನಲ್ಲಿ ಹಡಗು ಇಳಿದ.