ಹಿಂಜರಿತದ ಕಾಲದಲ್ಲಿ ಕೆಲಸ ಕಳೆದುಕೊಳ್ಳುವ 50 ವರ್ಷ ಮೀರಿದ ಕಾರ್ಮಿಕರ ಪಿಂಚಣಿ ಹಾಗೂ ಇತರ ಹಕ್ಕುಗಳು

ಗೋಕಾಕ ತಾಲ್ಲೂಕಿನ ಕೊಣ್ಣೂರ ಹಾಗೂ ಸುತ್ತಲಿನ ಊರುಗಳ ಅನೇಕ ಕುಟುಂಬಗಳು ತಲೆಮಾರುಗಳಿಂದ ಗೋಕಾಕ ಜಲಪಾತದ ಬಳಿಯ ನೂಲಿನ ಗಿರಣಿಯ ದುಡಿಮೆಯನ್ನು ನಂಬಿಕೊಂಡು ಬಂದಿವೆ. ಸದರಿ ಗಿರಣಿಯು 1880ರ ದಶಕದಲ್ಲಿ ಸ್ಥಾಪಿತವಾಯಿತು. ಹತ್ತಿಯ ದರ ಏರಿ ನೂಲಿನ ಬೇಡಿಕೆ ಕುಸಿದಾಗಲೆಲ್ಲ ಜವಳಿ ಕಾರ್ಮಿಕರಿಗೆ ಕೆಲಸದ ಆತಂಕ ಎದುರಾಗುವುದು ಸಹಜ. ಯುವಕರು ಬೇರೆ ಊರಿನಲ್ಲಿ ಕೆಲಸ ಹುಡುಕಿಕೊಳ್ಳಬಹುದು. ಐವತ್ತು ದಾಟಿದವರಿಗೆ ಅದು ಸುಲಭವಲ್ಲ. ಇಂತಹ ಕಾರ್ಮಿಕರು ಅವಸರದಲ್ಲಿ ಅರ್ಜಿ ಸಲ್ಲಿಸುವ ಮೊದಲು ಈ ಕೆಳಗಿನ ಅಂಶಗಳನ್ನು ಗಮನಿಸುವುದು.

ನೌಕರರ ಪಿಂಚಣಿ ಯೋಜನೆ, 1995ರ ಅನ್ವಯ ಮಾಸಿಕ ಪಿಂಚಣಿಗೆ ಕನಿಷ್ಠ 10 ವರ್ಷಗಳ ಅರ್ಹ ಸೇವೆ ಅಗತ್ಯ. ಈ ಸೇವೆ ಒಂದೇ ಸಂಸ್ಥೆಯಲ್ಲಿ ಸಲ್ಲಿಸಿರಬೇಕೆಂದಿಲ್ಲ. ಗಿರಣಿಯಲ್ಲಿ 6 ವರ್ಷ, ಬೇರೆ ಕಾರ್ಖಾನೆಯಲ್ಲಿ 5 ವರ್ಷ ದುಡಿದವರೂ ಅರ್ಹರು. ಆದರೆ ಮೊದಲ ಕೆಲಸ ಬಿಟ್ಟಾಗಲೇ ನಮೂನೆ 10-ಸಿ ಸಲ್ಲಿಸಿ ಪಿಂಚಣಿ ನಿಧಿಯ ಹಣವನ್ನು ಹಿಂಪಡೆದಿದ್ದಲ್ಲಿ ಆ 6 ವರ್ಷಗಳು ಲೆಕ್ಕಕ್ಕೆ ಬರುವುದಿಲ್ಲ. ಅದೇ ನಮೂನೆಯಲ್ಲಿ ಹಣದ ಬದಲು ಯೋಜನಾ ಪ್ರಮಾಣಪತ್ರವನ್ನು ಕೋರಲು ಅವಕಾಶವಿದ್ದು, ಇದರಿಂದ ಹಳೆಯ ಸೇವೆ ಉಳಿಯುತ್ತದೆ. ಕೈಗೆ ಬರುವ ಅಲ್ಪ ಮೊತ್ತಕ್ಕಾಗಿ ಜೀವನಪರ್ಯಂತದ ಪಿಂಚಣಿಯನ್ನು ಬಿಟ್ಟುಕೊಡುವುದು ಕಾರ್ಮಿಕರಿಗೆ ಆಗುವ ಅತಿ ದೊಡ್ಡ ನಷ್ಟ. ಭವಿಷ್ಯ ನಿಧಿಯ ಖಾತೆ ಬೇರೆ, ಪಿಂಚಣಿ ನಿಧಿ ಬೇರೆ ಎಂಬುದನ್ನು ನೆನಪಿನಲ್ಲಿಡುವುದು. 10 ವರ್ಷ ಪೂರೈಸಿದವರಿಗೆ ಪಿಂಚಣಿ ನಿಧಿಯನ್ನು ಹಿಂಪಡೆಯಲು ಅವಕಾಶವಿಲ್ಲ.

ಪಿಂಚಣಿಯ ಪೂರ್ಣ ವಯಸ್ಸು 58. ಕೆಲಸ ಬಿಟ್ಟವರು 50ನೆಯ ವಯಸ್ಸಿನಿಂದಲೇ ಪಿಂಚಣಿ ಪಡೆಯಬಹುದಾದರೂ, 58ಕ್ಕೆ ಕಡಿಮೆ ಬೀಳುವ ಪ್ರತಿ ವರ್ಷಕ್ಕೆ ಶೇ. 4ರ ದರದಲ್ಲಿ ಕಡಿತವಾಗುತ್ತದೆ; ಈ ಕಡಿತ ಶಾಶ್ವತ. ಉದಾಹರಣೆಗೆ, 58ಕ್ಕೆ ತಿಂಗಳಿಗೆ 3,000 ರೂ. ಬರಬೇಕಾದವರು 54ಕ್ಕೇ ಪಡೆದಲ್ಲಿ 450 ರೂ.ಗಳಿಗೂ ಅಧಿಕ ಮೊತ್ತ ಕಡಿಮೆಯಾಗುತ್ತದೆ. ಹಾಗೆಂದು ಇದನ್ನು ಕೇವಲ ನಷ್ಟವೆಂದು ತಿಳಿಯಬೇಕಾಗಿಲ್ಲ. ನಾಲ್ಕು ವರ್ಷಗಳಲ್ಲಿ ಅವರಿಗೆ ಸುಮಾರು 1.2 ಲಕ್ಷ ರೂ. ಮುಂಗಡವಾಗಿ ದೊರೆತಿರುತ್ತದೆ, ಕಾದು ಕುಳಿತವರು ಇದನ್ನು ಸರಿಗಟ್ಟಲು 58ರ ನಂತರ 20 ವರ್ಷಗಳಿಗೂ ಹೆಚ್ಚು ಕಾಲ ಬೇಕು. ಈ ಪಿಂಚಣಿಗೆ ತುಟ್ಟಿಭತ್ಯೆಯೂ ಇಲ್ಲ. ಆದ್ದರಿಂದ ಬೇರೆ ಆದಾಯವಿಲ್ಲದವರು ಸಾಲ ಮಾಡಿ ಕಾಯುವುದಕ್ಕಿಂತ ಅವಧಿಪೂರ್ವ ಪಿಂಚಣಿ ಪಡೆಯುವುದು ಮೇಲು. ವಂತಿಗೆ ಕಡಿತವಾಗುವ ಇನ್ನೊಂದು ಕೆಲಸ ಸಿಗುವ ಸಂಭವವಿದ್ದವರು ಕಾಯುವುದು ಸೂಕ್ತ, ಏಕೆಂದರೆ ಸೇವಾವಧಿಯೂ ಬೆಳೆಯುತ್ತದೆ.

ಕೆಲಸ ಕಡಿಮೆಯಾಗಿದೆ ಎಂಬ ಕಾರಣಕ್ಕೆ ರಾಜೀನಾಮೆ ಬರೆದುಕೊಡುವ ಮುನ್ನ ಯೋಚಿಸತಕ್ಕದ್ದು. ಕನಿಷ್ಠ ಒಂದು ವರ್ಷ ನಿರಂತರ ಸೇವೆ ಸಲ್ಲಿಸಿದ ಕಾರ್ಮಿಕರನ್ನು ಆಡಳಿತ ವರ್ಗವೇ ಹಿಂಬಡ್ತಿಯಲ್ಲದೆ ಸೇವೆಯಿಂದಲೇ ಕಡಿತಗೊಳಿಸಿದಲ್ಲಿ, ಪೂರೈಸಿದ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನ ಪರಿಹಾರವಾಗಿ ಸಲ್ಲುತ್ತದೆ. ಸ್ವಇಚ್ಛೆಯಿಂದ ರಾಜೀನಾಮೆ ನೀಡಿದವರಿಗೆ ಇದು ಲಭ್ಯವಿಲ್ಲ.

ಉಪದಾನದ ಸ್ಥಿತಿ ಬೇರೆ. 5 ವರ್ಷಗಳ ನಿರಂತರ ಸೇವೆ ಪೂರೈಸಿದ ಕಾಯಂ ಕಾರ್ಮಿಕರು ರಾಜೀನಾಮೆ ನೀಡಿದರೂ ಅದಕ್ಕೆ ಅರ್ಹರು. ಕೊನೆಯ ಮಾಸಿಕ ವೇತನವನ್ನು 26ರಿಂದ ಭಾಗಿಸಿ, 15ರಿಂದ ಹಾಗೂ ಸೇವಾ ವರ್ಷಗಳಿಂದ ಗುಣಿಸಬೇಕು. 13,000 ರೂ. ವೇತನಕ್ಕೆ 20 ವರ್ಷಗಳಿಗೆ 1,50,000 ರೂ. ಆಗುತ್ತದೆ. ಪಾವತಿಯಾಗದಿದ್ದಲ್ಲಿ ಕಾರ್ಮಿಕ ಇಲಾಖೆಯ ಸಂಬಂಧಪಟ್ಟ ಅಧಿಕಾರಿಗೆ ಅರ್ಜಿ ಸಲ್ಲಿಸಬಹುದು.

ಅಟಲ್ ಪಿಂಚಣಿ ಯೋಜನೆಗೆ ಸೇರಲು ವಯೋಮಿತಿ 18ರಿಂದ 40 ಆಗಿರುವುದರಿಂದ ಈ ವಯಸ್ಸಿನವರು ಅದನ್ನು ನೆಚ್ಚಿಕೊಳ್ಳುವಂತಿಲ್ಲ.

ಮಾಸಿಕ ಪಿಂಚಣಿಗೆ ನಮೂನೆ 10-ಡಿ ಸಲ್ಲಿಸತಕ್ಕದ್ದು. ಆಧಾರ್ ಮತ್ತು ಭವಿಷ್ಯ ನಿಧಿ ದಾಖಲೆಗಳಲ್ಲಿ ಹೆಸರು, ಜನ್ಮ ದಿನಾಂಕ ಒಂದೇ ಆಗಿರಬೇಕು. ನಮ್ಮ ಭಾಗದಲ್ಲಿ ಅಡ್ಡಹೆಸರು ಒಂದು ಕಡೆ ಮೊದಲು, ಇನ್ನೊಂದು ಕಡೆ ಕೊನೆಗೆ ಬರೆದಿರುವುದು ಸಾಮಾನ್ಯ. ತಿದ್ದುಪಡಿಗೆ ಉದ್ಯೋಗದಾತರ ದೃಢೀಕರಣ ಬೇಕಾಗಬಹುದಾದ್ದರಿಂದ ಸಂಸ್ಥೆಯ ಕಛೇರಿ ತೆರೆದಿರುವಾಗಲೇ ಈ ಕೆಲಸ ಮುಗಿಸಿಕೊಳ್ಳುವುದು. ಪಿಂಚಣಿ ಆರಂಭವಾದ ನಂತರ ಪ್ರತಿ ವರ್ಷ ಜೀವಿತ ಪ್ರಮಾಣಪತ್ರವನ್ನು ಸಲ್ಲಿಸತಕ್ಕದ್ದು.