ಟಿಕೆಟ್ಟಿಗೂ ಮುಂಚಿನ ಚುನಾವಣೆ: ಕೇರಳದ ಪಕ್ಷಗಳ ಒಳಜಗಳದ ಇತಿಹಾಸ

ಚುನಾವಣೆಯಲ್ಲಿ ಪಕ್ಷದ ಅಭ್ಯರ್ಥಿ ಯಾರಾಗಬೇಕೆಂಬುದನ್ನು ಪಕ್ಷದ ಸದಸ್ಯರೇ ಮತ ಹಾಕಿ ತೀರ್ಮಾನಿಸುವ ಪದ್ಧತಿಗೆ ಅಮೆರಿಕದಲ್ಲಿ ಪ್ರೈಮರಿ ಎನ್ನುತ್ತಾರೆ. ವಿಸ್ಕಾನ್ಸಿನ್ ರಾಜ್ಯ 1903ರಲ್ಲೇ ಇದಕ್ಕೆ ಕಾನೂನು ಮಾಡಿತು. ಭಾರತದಲ್ಲಿ ಟಿಕೆಟ್ ಹಂಚುವುದು ಹೈಕಮಾಂಡ್. ಕೇರಳವೂ ಇದಕ್ಕೆ ಹೊರತಲ್ಲ. ಆದರೆ ಪ್ರೈಮರಿ ಮಾಡಬೇಕಾದ ಕೆಲಸದ ಒಂದು ಪಾಲನ್ನು ಅಲ್ಲಿ ಪಕ್ಷಗಳೊಳಗಿನ ಗುಂಪುಗಳು ಮಾಡುತ್ತ ಬಂದಿವೆ. ಅದರಿಂದ ಕೆಲವು ನಾಯಕರು ಗಟ್ಟಿಯಾದರು, ಕೆಲವು ಪಕ್ಷಗಳು ಒಡೆದವು.

ಈ ಕತೆ ತಿರುವನಂತಪುರದಲ್ಲಿ ಶುರುವಾಗುತ್ತದೆ. 1948ರ ಮಾರ್ಚಿನಲ್ಲಿ ತಿರುವಾಂಕೂರಿನ ಮೊದಲ ಜನಪ್ರತಿನಿಧಿ ಸರ್ಕಾರದ ನಾಯಕರಾದ ಪಟ್ಟಂ ತಾಣು ಪಿಳ್ಳೈ ಅವರನ್ನು ಅವರದೇ ಕಾಂಗ್ರೆಸ್ ಪಕ್ಷದ ಶಾಸಕರು ಅದೇ ವರ್ಷದ ಅಕ್ಟೋಬರಿನಲ್ಲಿ ಕೆಳಗಿಳಿಸಿ, ಪರವೂರ್ ಟಿ.ಕೆ. ನಾರಾಯಣ ಪಿಳ್ಳೈ ಅವರನ್ನು ಕೂರಿಸಿದರು. 1949ರ ಜುಲೈ 1ರಂದು ಕೊಚ್ಚಿ ಸಂಸ್ಥಾನ ತಿರುವಾಂಕೂರಿನೊಡನೆ ಸೇರಿತು. ರಾಜಧಾನಿ ತಿರುವನಂತಪುರದಲ್ಲಿ ಉಳಿಯಿತು, ಹೈಕೋರ್ಟ್ ಎರ್ನಾಕುಳಂ ಪಾಲಿಗೆ ಬಂತು, ಎರಡು ಕಡೆಯ ಕಾಂಗ್ರೆಸ್ಸಿಗರು ಒಂದೇ ಶಾಸಕಾಂಗ ಪಕ್ಷದೊಳಗೆ ಕೂರಬೇಕಾಯಿತು. 1952ರೊಳಗೆ ಮೂವರು ಮುಖ್ಯಮಂತ್ರಿಗಳು ಬಂದರು. ಸೋತ ಪಟ್ಟಂ ಕಾಂಗ್ರೆಸ್ ಬಿಟ್ಟರೂ ರಾಜಕೀಯ ಬಿಡಲಿಲ್ಲ. 1954ರಲ್ಲಿ ಪ್ರಜಾ ಸೋಷಲಿಸ್ಟ್ ಪಕ್ಷದ ಬರೀ 19 ಶಾಸಕರನ್ನು ಇಟ್ಟುಕೊಂಡು, ಅದೇ ಕಾಂಗ್ರೆಸ್ಸಿನ ಬೆಂಬಲದಿಂದ, ಮತ್ತೆ ಅಧಿಕಾರಕ್ಕೆ ಬಂದರು. 1960ರಲ್ಲೂ ಮುಖ್ಯಮಂತ್ರಿಯಾದರು.

ಸೋತವರಿಗೆ ಮನೆಯೊಳಗೇ ಜಾಗ ಸಿಗದಿದ್ದರೆ ಏನಾಗುತ್ತದೆಂಬುದು 1964ರಲ್ಲಿ ಕಂಡಿತು. ಗೃಹಮಂತ್ರಿ ಸ್ಥಾನ ಬಿಟ್ಟ ಪಿ.ಟಿ. ಚಾಕ್ಕೊ ರಾಜ್ಯ ಕಾಂಗ್ರೆಸ್ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿ ಸೋತರು. ಆಗಸ್ಟ್ 1ರಂದು ತೀರಿಕೊಂಡರು. ಮರುತಿಂಗಳು ಅವರ ಕಡೆಯ 15 ಶಾಸಕರು ಸ್ವಂತ ಪಕ್ಷದ ಆರ್. ಶಂಕರ್ ಸರ್ಕಾರವನ್ನು ಬೀಳಿಸಿ, ಕೇರಳ ಕಾಂಗ್ರೆಸ್ ಎಂಬ ಬೇರೆ ಪಕ್ಷವನ್ನೇ ಕಟ್ಟಿದರು. 1967ರ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ದಕ್ಕಿದ್ದು ಒಂಬತ್ತೇ ಸ್ಥಾನ.

ಆ ಒಂಬತ್ತು ಜನರ ನಾಯಕರಾಗಿದ್ದವರು ಕೆ. ಕರುಣಾಕರನ್. ಪಕ್ಷವನ್ನು ಮತ್ತೆ ಕಟ್ಟುವ ಕೆಲಸದಲ್ಲಿ ಅವರ ಜತೆಗಿದ್ದೂ ಎದುರಾಳಿಯಾದ ತಲೆಮಾರು ಬೆಳೆದದ್ದು ಕೊಚ್ಚಿಯಲ್ಲಿ. ಎ.ಕೆ. ಆಂಟನಿ, ವಯಲಾರ್ ರವಿ ಇಬ್ಬರೂ ಎರ್ನಾಕುಳಂ ಮಹಾರಾಜಾಸ್ ಕಾಲೇಜಿನ ವಿದ್ಯಾರ್ಥಿಗಳು, 1957ರಲ್ಲಿ ಹುಟ್ಟಿದ ಕೆಎಸ್‌ಯು ಎಂಬ ವಿದ್ಯಾರ್ಥಿ ಸಂಘಟನೆಯಿಂದ ಮೇಲೆ ಬಂದವರು. ಆಂಟನಿ 1977ರಲ್ಲಿ, ನಲವತ್ತು ತುಂಬುವ ಮೊದಲೇ, ಮುಖ್ಯಮಂತ್ರಿಯಾದರು. ಮರುವರ್ಷದ ಅಕ್ಟೋಬರಿನಲ್ಲಿ ರಾಜೀನಾಮೆ ಕೊಟ್ಟರು. ಕಾರಣ ನಮ್ಮ ಚಿಕ್ಕಮಗಳೂರು: ಅಲ್ಲಿನ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರಿಗೆ ತಮ್ಮ ಪಕ್ಷ ಬೆಂಬಲ ಕೊಟ್ಟದ್ದನ್ನು ಅವರು ಒಪ್ಪಲಿಲ್ಲ. ಆ ಹೊತ್ತಿಗೆ ಕಾಂಗ್ರೆಸ್ ಇಂದಿರಾ ಪರ, ವಿರೋಧ ಎಂದು ಒಡೆದಿತ್ತು. ರಾಜ್ಯದಲ್ಲಿ ಆ ಒಡಕು 1982ರಲ್ಲಿ ವಿಲೀನದೊಂದಿಗೆ ಮುಗಿದರೂ ಗುರುತು ಅಳಿಸಲಿಲ್ಲ. ಇಂದಿರಾ ಕಡೆಯವರು ‘ಐ’ ಗುಂಪು, ಆಂಟನಿ ಕಡೆಯವರು ‘ಎ’ ಗುಂಪು.

1990ರ ದಶಕದ ಆರಂಭದಲ್ಲಿ ರಾಜ್ಯ ಕಾಂಗ್ರೆಸ್ ಅಧ್ಯಕ್ಷ ಸ್ಥಾನಕ್ಕೆ ನಿಜವಾದ ಮತದಾನವೇ ನಡೆಯಿತು. ಕರುಣಾಕರನ್ ಬೆಂಬಲದ ವಯಲಾರ್ ರವಿ, ಹಳೆಯ ಗೆಳೆಯ ಆಂಟನಿಯವರನ್ನು ಸೋಲಿಸಿದರು. ಆಂಟನಿ ಪಕ್ಷ ಬಿಡಲಿಲ್ಲ, ಅವರ ಗುಂಪೂ ಕರಗಲಿಲ್ಲ. 1995ರಲ್ಲಿ ಇಸ್ರೊ ಗೂಢಚರ್ಯೆ ಪ್ರಕರಣದ ಗದ್ದಲದಲ್ಲಿ ಕರುಣಾಕರನ್ ರಾಜೀನಾಮೆ ಕೊಟ್ಟಾಗ ಮುಖ್ಯಮಂತ್ರಿಯಾದವರು ಆಂಟನಿಯೇ. ಸೋತರೂ ಪಕ್ಷದೊಳಗೇ ಉಳಿಯುವ ಈ ಗುಣವನ್ನು ಕರುಣಾಕರನ್ ತಮ್ಮ ಇಳಿವಯಸ್ಸಿನಲ್ಲಿ ತೋರಲಿಲ್ಲ. 2005ರಲ್ಲಿ ಬೇರೆ ಪಕ್ಷ ಕಟ್ಟಿದರು. ಅದು ಹೆಚ್ಚು ಕಾಲ ಬಾಳಲಿಲ್ಲ.

ಒಳಪೈಪೋಟಿ ಒಬ್ಬ ನಾಯಕನನ್ನು ಹೇಗೆ ಬೆಳೆಸಬಲ್ಲದು ಎಂಬುದಕ್ಕೆ ದೊಡ್ಡ ಉದಾಹರಣೆ ಮಾತ್ರ ಶಿಸ್ತಿಗೆ ಹೆಸರಾದ ಸಿಪಿಎಂನಲ್ಲಿದೆ. 1980ರಿಂದ ರಾಜ್ಯ ಕಾರ್ಯದರ್ಶಿಯಾಗಿದ್ದ ವಿ.ಎಸ್. ಅಚ್ಯುತಾನಂದನ್ 1991ರ ಕೋಳಿಕೋಡ್ ಸಮ್ಮೇಳನದಲ್ಲಿ ಇ.ಕೆ. ನಾಯನಾರ್ ಎದುರು ಮತದಲ್ಲಿ ಸೋತರು. 1996ರಲ್ಲಿ ಸಿಪಿಎಂ ನೇತೃತ್ವದ ಎಡರಂಗ ಗೆದ್ದಿತು, ಅವರು ಮಾತ್ರ ಮಾರಾರಿಕುಳಂನಲ್ಲಿ 1,965 ಮತಗಳಿಂದ ಸೋತರು. ಸೋಲಿನ ಹಿಂದೆ ಪಕ್ಷದವರದೇ ಕೈವಾಡವಿತ್ತೆಂಬ ಮಾತು ಅಂದಿನಿಂದಲೂ ಇದೆ. 1998ರ ಪಾಲಕ್ಕಾಡ್ ಸಮ್ಮೇಳನದಲ್ಲಿ ಅವರ ಬಣ ಎದುರಾಳಿಗಳನ್ನು ಮತದಿಂದಲೇ ರಾಜ್ಯ ಸಮಿತಿಯಿಂದ ಹೊರಗಿಟ್ಟಿತು. ಆಗ ಅವರ ಜತೆಗಿದ್ದ ಪಿಣರಾಯಿ ವಿಜಯನ್ ಅದೇ ವರ್ಷ ಕಾರ್ಯದರ್ಶಿಯಾಗಿ, ಮುಂದೆ ಅವರ ಪ್ರಬಲ ಎದುರಾಳಿಯಾದರು. 2005ರ ಮಲಪ್ಪುರಂ ಸಮ್ಮೇಳನದಲ್ಲಿ ಸ್ಪರ್ಧಿಸಿದ ವಿ.ಎಸ್. ಬಣದವರು ಸೋತರು.

ಸಮಿತಿಯಲ್ಲಿ ಹಿಡಿತ ಸಡಿಲುತ್ತಿದ್ದ ಈ ವರ್ಷಗಳಲ್ಲಿ ವಿ.ಎಸ್. ಜನರ ನಡುವೆ ಬಲ ಹುಡುಕಿದರು. 2001ರಿಂದ ವಿರೋಧ ಪಕ್ಷದ ನಾಯಕರಾಗಿ ಮತಿಕೆಟ್ಟಾನ್ ಕಾಡಿನ ಒತ್ತುವರಿಯನ್ನು ನೋಡಲು ಎಂಬತ್ತರ ಹತ್ತಿರದ ವಯಸ್ಸಿನಲ್ಲಿ ಗುಡ್ಡ ಹತ್ತಿದರು. ಪ್ಲಾಚಿಮಡದ ನೀರಿನ ಹೋರಾಟದ ಪರ ನಿಂತರು. ಹಿಂದೆ ಬಿಗಿಮುಖದ ಸಂಘಟಕ ಎನಿಸಿಕೊಂಡಿದ್ದವರು ಹೀಗೆ ಜನನಾಯಕರಾದರು. 2006ರ ಚುನಾವಣೆಗೆ ರಾಜ್ಯ ಘಟಕ ಅವರಿಗೆ ಟಿಕೆಟ್ ನಿರಾಕರಿಸಿದಾಗ ಕಾರ್ಯಕರ್ತರು ಬೀದಿಗಿಳಿದರು, ಪಾಲಿಟ್‌ಬ್ಯೂರೊ ನಿರ್ಧಾರ ತಿರುಗಿಸಿತು. 2001ರಲ್ಲಿ ಮಲಂಪುಳದಲ್ಲಿ 4,703 ಇದ್ದ ಅವರ ಅಂತರ 20,017ಕ್ಕೆ ಏರಿತು. ಎಡರಂಗಕ್ಕೆ 140ರಲ್ಲಿ 98 ಸ್ಥಾನ ಬಂದವು. ಆ ಮೆರವಣಿಗೆಗಳೇ ಅವರ ಪ್ರೈಮರಿ ಎನ್ನಬಹುದು, ಮತಪೆಟ್ಟಿಗೆ ಇರಲಿಲ್ಲ ಅಷ್ಟೆ. ಆದರೆ ಜಗಳ ಅಧಿಕಾರದೊಳಕ್ಕೂ ಬಂತು: 2007ರ ಮೇನಲ್ಲಿ ಪಕ್ಷ ವಿ.ಎಸ್. ಮತ್ತು ಪಿಣರಾಯಿ ಇಬ್ಬರನ್ನೂ ಪಾಲಿಟ್‌ಬ್ಯೂರೊದಿಂದ ಅಮಾನತು ಮಾಡಿತು. 2011ರಲ್ಲೂ ಟಿಕೆಟ್ ನಿರಾಕರಣೆ, ಪ್ರತಿಭಟನೆ, ಮನಸ್ಸು ಬದಲಾವಣೆ ಎಲ್ಲ ಮತ್ತೆ ನಡೆಯಿತು. ಎಡರಂಗ 68ಕ್ಕೆ ನಿಂತು, 72 ಗೆದ್ದ ಕಾಂಗ್ರೆಸ್ ನೇತೃತ್ವದ ಐಕ್ಯರಂಗ ಅಧಿಕಾರ ಹಿಡಿಯಿತು.

ಕಾಂಗ್ರೆಸ್ಸಿನಲ್ಲಿ ಇಷ್ಟರೊಳಗೆ ಪೈಪೋಟಿ ಹೋಗಿ ಪಾಲುಗಾರಿಕೆ ಬಂದಿತ್ತು. ಇಂತಿಷ್ಟು ಕ್ಷೇತ್ರ ‘ಎ’ಗೆ, ಇಂತಿಷ್ಟು ‘ಐ’ಗೆ ಎಂದು ಹಂಚಿಕೊಂಡ ಮೇಲೆ ಅಭ್ಯರ್ಥಿ ಗುಂಪಿನ ಮುಖಂಡನನ್ನು ಒಲಿಸಿಕೊಂಡರೆ ಸಾಕಿತ್ತು. 2016ರಲ್ಲಿ ರಾಜ್ಯ ಅಧ್ಯಕ್ಷ ವಿ.ಎಂ. ಸುಧೀರನ್ ಕೆಲವು ಹಾಲಿ ಶಾಸಕರ ಟಿಕೆಟ್ಟಿಗೆ ತಕರಾರು ಎತ್ತಿದಾಗ ವಾದ ದೆಹಲಿಗೆ ಹೋಯಿತು. ಕೊಚ್ಚಿಯ ಎರಡು ನೆರೆಯ ಕ್ಷೇತ್ರಗಳಲ್ಲಿ ಎರಡು ಫಲ ಬಂತು. ತೃಕ್ಕಾಕ್ಕರದಲ್ಲಿ ಹಾಲಿ ಶಾಸಕರು ಹಿಂದೆ ಸರಿದು, ಪಿ.ಟಿ. ಥಾಮಸ್ ನಿಂತು ಗೆದ್ದರು. ತೃಪ್ಪೂಣಿತ್ತುರದಲ್ಲಿ ಮಂತ್ರಿ ಕೆ. ಬಾಬು ಅವರೇ ನಿಂತು ಸಿಪಿಎಂನ ಎಂ. ಸ್ವರಾಜ್ ಎದುರು ಸೋತರು. 2021ರಲ್ಲಿ ಟಿಕೆಟ್ ಸಿಗದ ರಾಜ್ಯ ಮಹಿಳಾ ಕಾಂಗ್ರೆಸ್ ಅಧ್ಯಕ್ಷೆ ಲತಿಕಾ ಸುಭಾಷ್ ತಿರುವನಂತಪುರದ ಪಕ್ಷ ಕಚೇರಿ ಇಂದಿರಾ ಭವನದ ಮುಂದೆ ತಲೆ ಬೋಳಿಸಿಕೊಂಡರು. ಅದೇ ವರ್ಷ ಸಿಪಿಎಂ ಸತತ ಎರಡು ಅವಧಿ ಮುಗಿಸಿದವರಿಗೆ ಟಿಕೆಟ್ ಇಲ್ಲವೆಂಬ ನಿಯಮ ತಂದು, ಮಂತ್ರಿ ಥಾಮಸ್ ಐಸಾಕ್ ಅವರಂಥವರನ್ನೂ ಕೈಬಿಟ್ಟಿತು. ಆದರೂ ಎಡರಂಗ 99 ಸ್ಥಾನ ಗೆದ್ದಿತು. ಒಳಪೈಪೋಟಿ ಇಲ್ಲದೆಯೂ ಗೆಲ್ಲಬಹುದೆಂಬುದನ್ನು ಮರೆಯುವಂತಿಲ್ಲ.

ಹೆಸರಿಗೂ ಪ್ರೈಮರಿಯೇ ಆದ ಪ್ರಯೋಗ ನಡೆದದ್ದು 2014ರ ಲೋಕಸಭಾ ಚುನಾವಣೆಗೆ ಮುನ್ನ. ರಾಹುಲ್ ಗಾಂಧಿಯವರ ಒತ್ತಾಸೆಯಿಂದ ಕಾಂಗ್ರೆಸ್ ಆರಿಸಿಕೊಂಡ ಕೆಲವೇ ಕ್ಷೇತ್ರಗಳಲ್ಲಿ ಬೆಂಗಳೂರು ಉತ್ತರ, ದಕ್ಷಿಣ ಕನ್ನಡ ಎರಡೂ ಇದ್ದವು. ಮಂಗಳೂರಿನಲ್ಲಿ ಜನಾರ್ದನ ಪೂಜಾರಿ, ಹರ್ಷ ಮೊಯ್ಲಿ ಅವರನ್ನು ಸೋಲಿಸಿದರು, ಬೆಂಗಳೂರಿನಲ್ಲಿ ಸಿ. ನಾರಾಯಣಸ್ವಾಮಿ ಗೆದ್ದರು. ಚುನಾವಣೆಯಲ್ಲಿ ಇಬ್ಬರೂ ಸೋತರು. ಮತ ಹಾಕಿದವರು ಪಕ್ಷದ ಪದಾಧಿಕಾರಿಗಳ ಸಣ್ಣ ವಲಯದವರು. ಕ್ಷೇತ್ರದ ಜನರ ಮುಂದೆ ನಡೆದ ವಾದವಲ್ಲ ಅದು. ಅಷ್ಟರಿಂದ ಅಭ್ಯರ್ಥಿಗೆ ಹೊಸ ಬಲ ಬರುವುದು ಕಷ್ಟ.

2022ರ ಅಕ್ಟೋಬರ್ 17ರಂದು ಕಾಂಗ್ರೆಸ್ ಅಧ್ಯಕ್ಷ ಸ್ಥಾನಕ್ಕೆ ನಡೆದ ಚುನಾವಣೆಯಲ್ಲಿ ಕರ್ನಾಟಕದ ಮಲ್ಲಿಕಾರ್ಜುನ ಖರ್ಗೆ ಅವರೆದುರು ತಿರುವನಂತಪುರದ ಸಂಸದ ಶಶಿ ತರೂರ್ ನಿಂತರು. ಖರ್ಗೆ ಅವರಿಗೆ 7,897 ಮತ, ತರೂರ್ ಅವರಿಗೆ 1,072. ಸೋಲು ದೊಡ್ಡದೇ. ಆದರೆ ರಾಜ್ಯದ ಎರಡೂ ಗುಂಪುಗಳ ಹಂಗಿಲ್ಲದ ತರೂರ್ ಅವರಿಗೆ ಪಕ್ಷದೊಳಗೆ ಸ್ವಂತ ಲೆಕ್ಕವೊಂದು ಸಿಕ್ಕಿತು. ಮರುವರ್ಷ ಅವರನ್ನು ಕಾರ್ಯಕಾರಿ ಸಮಿತಿಗೆ ಸೇರಿಸಿಕೊಂಡದ್ದು ಅವರು ಎದುರಿಸಿ ಸೋತಿದ್ದ ಖರ್ಗೆ ಅವರೇ. 2024ರಲ್ಲಿ ತರೂರ್ 16,077 ಮತಗಳ ಅಂತರದಿಂದ ತಿರುವನಂತಪುರವನ್ನು ನಾಲ್ಕನೇ ಸಲ ಗೆದ್ದರು.