ಕಂಪ್ರೆಷನ್ ಉಡುಪು ಮತ್ತು ಓಟದ ಸಾಮರ್ಥ್ಯ: ಅಭ್ಯರ್ಥಿಗಳಿಗೆ ಮಾಹಿತಿ

ಕರ್ನಾಟಕದಲ್ಲಿ 2020ರ ನಾಗರಿಕ ಪೊಲೀಸ್ ಕಾನ್‌ಸ್ಟೇಬಲ್ ನೇಮಕಾತಿಯ ಸಹಿಷ್ಣುತೆ ಪರೀಕ್ಷೆಯಲ್ಲಿ ಪುರುಷರಿಗೆ 1600 ಮೀಟರ್ ಓಟಕ್ಕೆ 6 ನಿಮಿಷ 30 ಸೆಕೆಂಡು, ಮಹಿಳೆಯರಿಗೆ 400 ಮೀಟರ್ ಓಟಕ್ಕೆ 2 ನಿಮಿಷ ನಿಗದಿಯಾಗಿತ್ತು. ಇಂತಹ ಪರೀಕ್ಷೆಗಳಿಗಾಗಿ ಕೆಲವು ಅಭ್ಯರ್ಥಿಗಳು ಕಂಪ್ರೆಷನ್ ಕಾಲುಚೀಲ ಹಾಗೂ ಟೈಟ್ಸ್ ಖರೀದಿಸುವುದುಂಟು. ಅವುಗಳ ಉಪಯುಕ್ತತೆಯ ವಿವರ ಈ ಕೆಳಕಂಡಂತಿದೆ.

ಕಾರ್ಯವಿಧಾನ: ಸಾಮಾನ್ಯವಾಗಿ ಈ ಕಾಲುಚೀಲಗಳ ಒತ್ತಡವು ಕಣಕಾಲಿನ ಬಳಿ ಹೆಚ್ಚಾಗಿದ್ದು, ಮೊಣಕಾಲಿನತ್ತ ಕ್ರಮೇಣ ಕಡಿಮೆಯಾಗುತ್ತದೆ. ರಕ್ತವು ಹೃದಯದತ್ತ ಮರಳಲು ಇದು ಸಹಕಾರಿ. ವೆರಿಕೋಸ್ ವೇನ್ ಚಿಕಿತ್ಸೆಯಲ್ಲಿಯೂ ಇದೇ ತತ್ವವನ್ನು ಅನುಸರಿಸಲಾಗುತ್ತದೆ. ಓಡುವಾಗ ಸ್ನಾಯುಗಳ ಅದುರುವಿಕೆಯೂ ತಗ್ಗುತ್ತದೆ.

ಪರಿಣಾಮ: 2016ರಲ್ಲಿ 'ಸ್ಪೋರ್ಟ್ಸ್ ಮೆಡಿಸಿನ್' ನಿಯತಕಾಲಿಕೆಯು ಪ್ರಕಟಿಸಿದ ಅಧ್ಯಯನಗಳ ಸಮಗ್ರ ಪರಿಶೀಲನೆಯ ಪ್ರಕಾರ, 400 ಮೀಟರ್‌ನಿಂದ ಮ್ಯಾರಥಾನ್‌ವರೆಗಿನ ಓಟದ ವೇಳೆಯಲ್ಲಿ ಗಣನೀಯ ಸುಧಾರಣೆ ಕಂಡುಬಂದಿಲ್ಲ. ಆದರೆ ಓಟದ ನಂತರದ ಸ್ನಾಯುನೋವು ಗಣನೀಯವಾಗಿ ಕಡಿಮೆಯಾಗಿರುವುದು ಕಂಡುಬಂದಿದೆ.

ಎಚ್ಚರಿಕೆ: ಕಾಲಿನ ಅಪಧಮನಿಗಳಲ್ಲಿ ರಕ್ತಸಂಚಾರ ಕುಂಠಿತವಾಗಿರುವವರು ಮತ್ತು ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿರುವವರು ವೈದ್ಯರ ಸಲಹೆಯಿಲ್ಲದೆ ಇವುಗಳನ್ನು ಧರಿಸತಕ್ಕದ್ದಲ್ಲ. ಜೋಮು, ನೋವು ಅಥವಾ ಚರ್ಮದ ಬಣ್ಣದಲ್ಲಿ ಬದಲಾವಣೆ ಉಂಟಾದಲ್ಲಿ ಕೂಡಲೇ ತೆಗೆಯತಕ್ಕದ್ದು.

ಅಭ್ಯರ್ಥಿಗಳ ಗಮನಕ್ಕೆ: ಈ ಉಡುಪು ಇಲ್ಲವೆಂಬ ಕಾರಣದಿಂದ ಯಾವ ಅಭ್ಯರ್ಥಿಯೂ ಓಟದಲ್ಲಿ ಹಿಂದುಳಿಯುವ ಸಂಭವವಿಲ್ಲ. ಇದಕ್ಕಾಗಿ ಸಾಲ ಮಾಡುವ ಅಗತ್ಯವೂ ಇರುವುದಿಲ್ಲ. ಹಲವು ವಾರಗಳ ಕ್ರಮಬದ್ಧ ಅಭ್ಯಾಸ, ಪಾದಕ್ಕೆ ಹೊಂದುವ ಬೂಟು ಹಾಗೂ ಸಾಕಷ್ಟು ನಿದ್ರೆಗೆ ಆದ್ಯತೆ ನೀಡುವುದು ಸೂಕ್ತ. ಉಡುಪನ್ನು ಧರಿಸಲಿಚ್ಛಿಸುವವರು ಅಭ್ಯಾಸದ ದಿನಗಳಲ್ಲಿಯೇ ಧರಿಸಿ ನೋಡತಕ್ಕದ್ದು. ಪರೀಕ್ಷೆಯ ದಿನದಂದು ಪ್ರಥಮ ಬಾರಿಗೆ ಬಳಸಬಾರದು. ವಸ್ತ್ರ ಸಂಬಂಧಿ ಷರತ್ತುಗಳಿಗೆ ಆಯಾ ನೇಮಕಾತಿ ಅಧಿಸೂಚನೆಯೇ ಅಂತಿಮ.